ಆರ್‌ಸಿ ನನ್ನ ಹೆಸರಲ್ಲೇ ಇತ್ತು

ಇವತ್ತು ರಾಜಕೀಯ ಬೇಡ. ಯಾರು ಯಾರ ಕುರ್ಚಿ ಎಳೆದರು ಅನ್ನೋದನ್ನ ನಾಳೆ ನೋಡೋಣ, ಆ ಕುರ್ಚಿ ಎಲ್ಲೂ ಓಡಿ ಹೋಗಲ್ಲ. ಇವತ್ತು ನಾನು ನಿಮ್ಮ ಮುಂದೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಇದನ್ನ ಹೇಳೋದೋ ಬೇಡವೋ ಅಂತ ಮೂರು ವಾರ ಯೋಚನೆ ಮಾಡಿದ್ದೀನಿ. ಮನೆಯಲ್ಲಿ ಬೇಡ ಅಂದರು. ಆಫೀಸಿನಲ್ಲಿ ನಕ್ಕರು. ಹೇಳಿಬಿಡ್ತೀನಿ.

ನಿಮಗೆ ನೆನಪಿರಬಹುದು. ಇದೇ ಕುರ್ಚಿಯಲ್ಲಿ ಕೂತು, ಇದೇ ಟೇಬಲ್ ಕುಟ್ಟಿ, ರಾತ್ರಿ ಹೊತ್ತು ಏರ್‌ಪೋರ್ಟ್ ರಸ್ತೆಯಲ್ಲಿ ಸೈಲೆನ್ಸರ್ ಕಿತ್ತು ಹಾಕಿ ರೇಸ್ ಮಾಡೋ ಹುಡುಗರ ಬಗ್ಗೆ ನಾನು ಮಾತಾಡಿದ್ದೆ. ಸಾಮಾನ್ಯ ಮಾತಲ್ಲ. "ಒದ್ದು ಒಳಗೆ ಹಾಕಿ, ಕಾರು ಸೀಜ್ ಮಾಡಿ, ಅಪ್ಪ ಅಮ್ಮನ್ನ ಸ್ಟೇಷನ್‌ಗೆ ಕರೆಸಿ ಕೂರಿಸಿ" ಅಂದಿದ್ದೆ. ಬಹಳ ಜನ ಫೋನ್ ಮಾಡಿ ಮೆಚ್ಚಿಕೊಂಡಿರಿ. ಸಂತೋಷ. ಅದಾಗಿ ಎರಡು ತಿಂಗಳಿಗೆ ನನ್ನ ಮನೆಗೆ ಒಂದು ನೋಟಿಸ್ ಬಂತು. ಕಾರಿನ ಸೈಲೆನ್ಸರ್ ಬದಲಾಯಿಸಿ ಕರ್ಕಶ ಶಬ್ದ ಮಾಡುತ್ತಾ ಓಡಿಸಿದ್ದಾರೆ, ಮಾಲೀಕರು ಹಾಜರಾಗಬೇಕು, ಮೂಲ ಸೈಲೆನ್ಸರ್ ಹಾಕಿಸಿ ತೋರಿಸಬೇಕು ಅಂತ. ಮಾಲೀಕರ ಹೆಸರು? ನನ್ನದೇ. ಅಪ್ಪನ ಹೆಸರು, ಮನೆ ನಂಬರು, ಪಿನ್ ಕೋಡು, ಎಲ್ಲ ಸರಿಯಾಗಿತ್ತು.

ಕಾರು ನನ್ನದೇ ಸ್ವಾಮಿ. ಹೆಸರು ಹೇಳಲ್ಲ, ಹೇಳಿದರೆ ಜಾಹೀರಾತು ವಿಭಾಗದವರು ಬಿಲ್ ಕಳಿಸ್ತಾರೆ. ಒಂದು ಲೀಟರ್ ಟರ್ಬೊ ಎಂಜಿನ್‌ನ ಚಿಕ್ಕ ಹ್ಯಾಚ್‌ಬ್ಯಾಕ್, ಐದು ವರ್ಷ ಹಳೆಯದು. ನಾನು ದೊಡ್ಡ ಕಾರು ತಗೊಂಡಾಗ ಅದನ್ನ ಅಕ್ಕನ ಮಗನಿಗೆ ಕೊಟ್ಟೆ. ತುಮಕೂರಿನ ಹುಡುಗ, ಎಂಜಿನಿಯರಿಂಗ್ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ್ದ. "ಇಟ್ಕೋಳೋ, ಆರ್‌ಸಿ ಆಮೇಲೆ ಮಾಡಿಸೋಣ" ಅಂದೆ. ನಮ್ಮಲ್ಲಿ ಈ "ಆಮೇಲೆ" ಅನ್ನೋ ಪದ ಇದೆಯಲ್ಲ, ಅದು ಎಷ್ಟು ಮನೆ ಹಾಳು ಮಾಡಿದೆಯೋ. ಎರಡು ವರ್ಷವಾದರೂ ಆರ್‌ಸಿ ನನ್ನ ಹೆಸರಲ್ಲೇ ಇತ್ತು.

ಅವತ್ತು ಸಂಜೆ ಅವನನ್ನ ಮನೆಗೆ ಕರೆಸಿದೆ. ನೋಟಿಸ್ ಮುಂದಿಟ್ಟೆ. ಓದಿದ. ಮುಖ ಕೆಂಪಾಯಿತು, ಬಾಯಿ ಬಿಡಲಿಲ್ಲ.

"ಏನೇನು ಮಾಡ್ಸಿದೀಯೋ ಕಾರಿಗೆ?"

"ಸೈಲೆನ್ಸರ್ ಒಂದು, ಮಾಮ."

"ನಿಜ ಹೇಳು."

ಒಂದೊಂದೇ ಹೊರಗೆ ಬಂತು. ಎಂಜಿನ್‌ನ ಕಂಪ್ಯೂಟರ್‌ಗೆ ರೀಮ್ಯಾಪ್. ಕಂಪನಿ ಕೊಟ್ಟಿದ್ದ 110 ಅಶ್ವಶಕ್ತಿ 135ರ ಹತ್ತಿರ ಹೋಗಿದೆ. ಗಾಳಿ ಎಳೆದುಕೊಳ್ಳೋಕೆ ಬೇರೆ ಫಿಲ್ಟರ್. ಕಾರನ್ನ ನೆಲಕ್ಕೆ ಹತ್ತಿರ ಮಾಡೋ ಸ್ಪ್ರಿಂಗ್. ಅಗಲವಾದ ಟಯರು, ಅಲಾಯ್ ವೀಲು. ಎರಡು ವರ್ಷದ ಬೋನಸ್ ಎಲ್ಲ ಅದರೊಳಗೆ ಇಳಿದಿದೆ. ಅಕ್ಕನಿಗೆ ಫೋನ್ ಹಚ್ಚಿದೆ, ಅವಳು ಮಗನಿಗೆ ಬೈಯ್ತಾಳೆ ಅಂತ. ಅವಳು ಬೈದಿದ್ದು ನನಗೆ. "ಟೀವೀಲಿ ಕೂತು ಊರಿಗೆಲ್ಲ ಬುದ್ಧಿ ಹೇಳ್ತೀಯ, ಕಣ್ಮುಂದೆ ಇರೋನಿಗೆ ಒಂದು ಮಾತು ಹೇಳಕ್ಕಾಗ್ಲಿಲ್ವೇನೋ ನಿಂಗೆ? ನಿನ್ನ ನಂಬ್ಕೊಂಡು ಬೆಂಗ್ಳೂರಿಗೆ ಕಳ್ಸಿದ್ದು ನಾನು." ಫೋನ್ ಇಟ್ಟಳು.

ಅವನು ಆಮೇಲೆ ಒಂದು ಮಾತು ಕೇಳಿದ. ಕೋಪದಿಂದ ಅಲ್ಲ, ಮೆಲ್ಲಗೆ ಕೇಳಿದ. "ಮಾಮ, ರಸ್ತೇಲಿ ಓಡಿಸ್ಬೇಡ ಅಂತೀಯ, ಸರಿ. ಎಲ್ಲಿ ಓಡಿಸ್ಲಿ ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಹತ್ತಿರ ಇತ್ತು. ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ ಟ್ರ್ಯಾಕ್ ಡೇ ಅಂತ ಮಾಡ್ತಾರೆ, ರೇಸ್ ಅಲ್ಲ, ದುಡ್ಡು ಕಟ್ಟಿ ನಮ್ಮದೇ ಕಾರು ತಗೊಂಡು ಹೋಗಿ ಓಡಿಸಬಹುದು, ನೀನೂ ಒಂದ್ಸಲ ಬಾ ಅಂದ. ಬರ್ತೀನಿ ಅಂದೆ. ನಿಜ ಹೇಳಬೇಕೆಂದರೆ, ಅಲ್ಲಿ ಹೋಗಿ ನೋಡಿ, ಇದೆಲ್ಲ ಎಷ್ಟು ಅವಿವೇಕ ಅಂತ ಇನ್ನೊಂದು ಕಾರ್ಯಕ್ರಮ ಮಾಡೋ ಆಸೆಯೂ ಇತ್ತು.

ಮೊದಲು ಕಾನೂನು ತೆರೆದು ನೋಡಿದೆ. ನೀವೂ ಕೇಳಿಸಿಕೊಳ್ಳಿ, ಮನೆಯಲ್ಲಿ ಗಾಡಿ ಇರೋರೆಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ವಾಹನವನ್ನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು 182ಎ ಅಂತ ಸೇರಿತು. ಮಾಲೀಕ ಹೀಗೆ ಮಾರ್ಪಾಡು ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಗಮನಿಸಿ, ಒಟ್ಟಿಗೆ ಅಲ್ಲ, ಒಂದೊಂದಕ್ಕೆ. ಕಾಯ್ದೆ ಹೇಳೋದು ಮಾಲೀಕನ ಬಗ್ಗೆ. ನಮ್ಮ ಕಾರಿನ ಲೆಕ್ಕ ಹಾಕಿ ನೋಡಿದೆ, ಬೆವರು ಬಂತು.

ಸೈಲೆನ್ಸರ್ ಹಳೆಯದು ಹಾಕಿಸಿ, ದಂಡ ಕಟ್ಟಿ, ತೋರಿಸಿ ಬಂದಿದ್ದಾಯಿತು. ಉಳಿದ ಮಾರ್ಪಾಡು ಕಾರಿನೊಳಗೇ ಇತ್ತು. ಅದನ್ನ ರಸ್ತೆಯಲ್ಲಿ 300 ಕಿಲೋಮೀಟರ್ ಓಡಿಸಿಕೊಂಡು ಚೆನ್ನೈಗೆ ಹೋಗೋದು ಅಂದರೆ 300 ಕಿಲೋಮೀಟರ್ ಕಾನೂನು ಮುರಿದುಕೊಂಡು ಹೋಗೋದು. ಟ್ರ್ಯಾಕ್ ಡೇಗೆ ಬರುವ ಬಹುತೇಕರು ಹಾಗೇ ಓಡಿಸಿಕೊಂಡು ಬರ್ತಾರೆ ಅಂತ ಅವನು ಹೇಳಿದ. ಬರಲಿ, ಅವರು ಟೀವೀಲಿ ಟೇಬಲ್ ಕುಟ್ಟಿಲ್ಲ. ನಾನು ಫ್ಲಾಟ್‌ಬೆಡ್ ಗಾಡಿ ಮಾಡಿದೆ. ಟ್ರ್ಯಾಕ್ ಫೀಸಿಗಿಂತ ಇದರ ಬಾಡಿಗೆಯೇ ಜಾಸ್ತಿ. ಡ್ರೈವರ್ ಕಾರಿನ ಸುತ್ತ ಒಂದು ಸುತ್ತು ಬಂದು, "ಎಲ್ಲಿ ಸಾರ್ ಗುದ್ದಿರೋದು? ಚೆನ್ನಾಗೇ ಇದೆಯಲ್ಲ ಗಾಡಿ" ಅಂತ ಕೇಳಿದ. ಏನಂತ ಹೇಳಲಿ ಅವನಿಗೆ?

ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಶ್ರೀಪೆರಂಬದೂರು. ರಾಮಾನುಜಾಚಾರ್ಯರು ಹುಟ್ಟಿದ ಊರು, ನಮ್ಮ ಮೇಲುಕೋಟೆಗೆ ಬಂದು ನೆಲೆಸಿದ್ದ ಆಚಾರ್ಯರು. ರಾಜೀವ್ ಗಾಂಧಿಯವರನ್ನ 1991ರಲ್ಲಿ ಕಳೆದುಕೊಂಡ ಊರೂ ಅದೇ. ಅಲ್ಲಿಂದ ಸ್ವಲ್ಪ ಮುಂದೆ ಇರುಂಗಾಟ್ಟುಕೋಟೈ. ಹೆದ್ದಾರಿಯ ಪಕ್ಕದಲ್ಲೇ ರೇಸ್ ಟ್ರ್ಯಾಕ್. ಒಂದು ಸುತ್ತಿಗೆ 3.717 ಕಿಲೋಮೀಟರ್, 12 ತಿರುವು.

ಇದನ್ನ ಕಟ್ಟಿದ್ದು ಸರ್ಕಾರ ಅಲ್ಲ, ಒಂದು ಕ್ಲಬ್ಬು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್. 1953ರಲ್ಲಿ ಶುರುವಾದದ್ದು. ಮೊದಲು ಇವರ ರೇಸ್ ನಡೀತಿದ್ದದ್ದು ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಮೇಲೆ. ನಮ್ಮ ಬೆಂಗಳೂರಿನವರು ಅಲ್ಲಿಗೆ ಹೋಗಿ ಓಡಿಸಿದ್ದು ಬಹಳ. ವಿಜಯ್ ಮಲ್ಯ ಕೂಡ ಹಳೆಯ ಫಾರ್ಮುಲಾ ಒನ್ ಕಾರೊಂದನ್ನ ತಂದು ಅಲ್ಲಿ ಓಡಿಸಿದ್ದರು. ಮಲ್ಯ ವಿಷಯ ಎತ್ತಿದರೆ ಕಾರ್ಯಕ್ರಮ ಎರಡು ಗಂಟೆ ಆಗುತ್ತೆ, ಬಿಡಿ. 1990ರಲ್ಲಿ ಈ ಕ್ಲಬ್ಬಿನವರು ಸ್ವಂತ ಟ್ರ್ಯಾಕ್ ತೆರೆದರು. ಕೊಯಮತ್ತೂರಿನಲ್ಲಿ ಕರಿವರ್ಧನ್ ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೊಂದು. ಎರಡೂ ತಮಿಳುನಾಡಿನಲ್ಲಿ. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ಬೆಳಗ್ಗೆ ಏಳಕ್ಕೆ ಹೋದರೆ ಮೂವತ್ತು ನಲವತ್ತು ಕಾರು ನಿಂತಿದ್ದವು. ನಾನು ಅಂದುಕೊಂಡಿದ್ದೆ, ದೊಡ್ಡ ಮನೆಯ ಹುಡುಗರ ದೊಡ್ಡ ದೊಡ್ಡ ಕಾರಿನ ಜಾತ್ರೆ ಇದು ಅಂತ. ಅಂಥವು ನಾಲ್ಕೈದು ಇದ್ದವು. ಮಿಕ್ಕಿದ್ದೆಲ್ಲ ನೀವು ನಾವು ತರಕಾರಿ ತರೋಕೆ ಹೋಗೋ ಕಾರು. ಬೂಟ್‌ನಿಂದ ಸ್ಟೆಪ್ನಿ, ಮ್ಯಾಟು, ನೀರಿನ ಬಾಟಲು, ಡ್ಯಾಶ್‌ಬೋರ್ಡ್ ಮೇಲಿನ ಗಣೇಶ, ಎಲ್ಲ ಹೊರಗೆ ತೆಗೆದು ಟಾರ್ಪಲ್ ಮೇಲೆ ಇಡ್ತಿದ್ದರು. ಕಾರೊಳಗೆ ಅಲ್ಲಾಡೋ ಯಾವ ವಸ್ತುವೂ ಇರಬಾರದು. ಬ್ರೇಕ್ ಹೊಡೆದಾಗ ಒಂದು ಬಾಟಲಿ ಉರುಳಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಕಥೆ ಮುಗೀತು.

ಆಮೇಲೆ ತಪಾಸಣೆ. ಬಾನೆಟ್ ಎತ್ತಿ ಬ್ಯಾಟರಿ ಅಲ್ಲಾಡಿಸಿ ನೋಡಿದರು. ಆಯಿಲ್ ಸೋರ್ತಿದೆಯಾ, ಟಯರ್ ಸವೆದಿದೆಯಾ, ಸೀಟ್ ಬೆಲ್ಟ್ ಹಿಡಿಯುತ್ತಾ, ಮುಂದಿನ ಕೊಂಡಿ ಸಿಕ್ಕಿಸಿದೆಯಾ, ಹೆಲ್ಮೆಟ್ ಸರಿಯಿದೆಯಾ. ನನ್ನ ಅರ್ಧ ತೋಳಿನ ಅಂಗಿ ನೋಡಿ ಪೂರ್ತಿ ತೋಳಿನದು ಹಾಕ್ಕೊಂಡು ಬನ್ನಿ ಅಂದರು. ನಾನು ಯಾರು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಒಳ್ಳೆಯದೇ ಆಯಿತು. ಒಂದು ಫಾರಂಗೆ ಸಹಿ ಹಾಕಿಸಿಕೊಂಡರು. ಏನಾದರೂ ಆದರೆ ಹೊಣೆ ನನ್ನದೇ ಅಂತ. ನಮ್ಮ ವಿಮಾ ಪಾಲಿಸಿಯನ್ನೂ ಹಿಂದಿನ ರಾತ್ರಿ ಓದಿದ್ದೆ. ಜೀವಮಾನದಲ್ಲಿ ಮೊದಲ ಸಲ. ಸಂಘಟಿತ ರೇಸಿಂಗ್, ವೇಗದ ಪರೀಕ್ಷೆ ಇಂಥವಕ್ಕೆ ಬಳಸಿದರೆ ವಿಮೆ ಅನ್ವಯಿಸಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಹತ್ತು ವರ್ಷದಿಂದ ಕಂತು ಕಟ್ತಿದ್ದೀನಿ, ಆ ಸಾಲು ಕಂಡಿರಲಿಲ್ಲ. ನೀವು ಕಂಡಿದ್ದೀರಾ?

ಬಾವುಟಗಳ ಪಾಠ ಮಾಡಿದರು. ಹಳದಿ ಕಂಡರೆ ಮುಂದೆ ಅಪಾಯ, ಯಾರೂ ಯಾರನ್ನೂ ಹಿಂದಿಕ್ಕಬಾರದು. ಕೆಂಪು ಕಂಡರೆ ಎಲ್ಲ ನಿಂತಿತು, ನಿಧಾನಕ್ಕೆ ಪಿಟ್‌ಗೆ ವಾಪಸ್. ನೀಲಿ ಕಂಡರೆ ಹಿಂದೆ ವೇಗದ ಕಾರು ಬರ್ತಿದೆ. ನನಗೆ ಹಿಡಿಸಿದ್ದು ಇನ್ನೊಂದು. ಹಿಂದಿನವನು ತಾನಾಗಿ ನುಗ್ಗುವ ಹಾಗಿಲ್ಲ. ಮುಂದಿನವನು ಕಿಟಕಿಯಿಂದ ಕೈ ಚಾಚಿ ಈ ಕಡೆಯಿಂದ ಹೋಗು ಅಂತ ತೋರಿಸಬೇಕು, ಆಗಲೇ ಹೋಗಬೇಕು. ಹೊಸೂರು ರಸ್ತೆಯಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿದ್ದೀನಿ, ಯಾರಾದರೂ ಕೈ ಚಾಚಿ ದಾರಿ ಕೊಟ್ಟಿದ್ದನ್ನ ನೋಡಿಲ್ಲ. ಕೈ ಚಾಚಿದ್ದಾರೆ, ಬೇರೆ ಕಾರಣಕ್ಕೆ.

ಮೊದಲ ಇಪ್ಪತ್ತು ನಿಮಿಷ ಹುಡುಗ ಓಡಿಸಿದ, ಮೆಲ್ಲಗೆ, ಟ್ರ್ಯಾಕ್ ಪರಿಚಯಕ್ಕೆ. ಎರಡನೆಯದು ನನ್ನ ಪಾಳಿ. ಪಕ್ಕದ ಸೀಟಿನಲ್ಲಿ ಕೋಚ್. ತಮಿಳಿನವರು, ಅರವತ್ತರ ಆಸುಪಾಸು, ಶೋಲಾವರಂ ಕಂಡವರು. ಹರಕುಮುರುಕು ಕನ್ನಡ ಬರ್ತಿತ್ತು. ನನಗೆ ಹೇಳಿದ ಮೊದಲ ಮಾತು, "ಸಾರ್, ಸ್ಟೀರಿಂಗ್ ಹಿಂಗೆ ಹಿಡೀಬೇಡಿ. ಅದು ಓಡಿ ಹೋಗಲ್ಲ."

ನೋಡಿ, ನಾನು ಚೆನ್ನಾಗಿ ಕಾರು ಓಡಿಸ್ತೀನಿ ಅಂತ ನನಗೆ ಹೆಮ್ಮೆ ಇತ್ತು. ಮೊದಲ ಸುತ್ತಿಗೇ ಅದು ಇಳಿದು ಹೋಯಿತು. ತಿರುವಿನಲ್ಲಿ ಹೋಗ್ತಾ ಬ್ರೇಕ್ ಹಾಕ್ತೀನಿ, ನಮ್ಮ ರಸ್ತೆಯ ಅಭ್ಯಾಸ. ಅವರು ತಲೆ ಅಲ್ಲಾಡಿಸಿದರು. ಬ್ರೇಕು ನೇರದಲ್ಲೇ ಮುಗೀಬೇಕು, ಆಮೇಲೆ ತಿರುಗಿಸಬೇಕು, ಒಳಗಿನ ಅಂಚನ್ನ ಮುಟ್ಟಿ, ಆಮೇಲೆ ಮೆಲ್ಲಗೆ ಆಕ್ಸಿಲರೇಟರ್. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತಟ್ಟನೆ ತೆಗೆದರೆ ಭಾರ ಎಲ್ಲ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತೆ, ಕಾರಿನ ಹಿಂಭಾಗ ಜಾರುತ್ತೆ. ಒಂದು ಸಲ ಜಾರಿತು. ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಕಣ್ಣು ಎಲ್ಲಿ ನೋಡುತ್ತೋ ಕೈ ಅಲ್ಲಿಗೆ ಕಾರನ್ನ ಒಯ್ಯುತ್ತೆ ಅಂತ ಅವರು ಪದೇ ಪದೇ ಹೇಳ್ತಿದ್ದರು. ನಾನು ಗುಂಡಿ ನೋಡಿದಾಗೆಲ್ಲ ಗುಂಡಿಗೇ ಯಾಕೆ ಬೀಳ್ತೀನಿ ಅಂತ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ಮೂರನೇ ಸುತ್ತಿಗೆ ಮೈ ಬಿಸಿಯಾಯಿತು. ನಾಲ್ಕಕ್ಕೆ ಖುಷಿ ಶುರುವಾಯಿತು. ಸುಳ್ಳು ಹೇಳಲ್ಲ, ಆ ಖುಷಿ ಏನು ಅಂತ ಅವತ್ತೇ ನನಗೆ ಗೊತ್ತಾಗಿದ್ದು. ತಲೆಯೊಳಗಿನ ಟಿಆರ್‌ಪಿ, ಇಎಂಐ, ಮಾರನೇ ದಿನದ ಹೆಡ್‌ಲೈನು, ಯಾವುದೂ ಇಲ್ಲ. ಮುಂದಿನ ತಿರುವು ಮಾತ್ರ ಇದೆ. ಆ ಹುಡುಗರು ಯಾಕೆ ಇದಕ್ಕೆ ಬೀಳ್ತಾರೆ ಅಂತ ಅರ್ಥವಾಯಿತು. ಇದನ್ನ ಅರ್ಥಮಾಡಿಕೊಳ್ಳದೆ ನಾನು ಅಷ್ಟು ಮಾತಾಡಿದ್ದೆ.

ಆರನೇ ಸುತ್ತು. ಉದ್ದನೆಯ ನೇರದಲ್ಲಿ ಮುಳ್ಳು 150ರ ಹತ್ತಿರ ಇತ್ತು. ಬ್ರೇಕ್ ಹಾಕುವ ಜಾಗ ಬಂತು. ಕಾಲಿಟ್ಟೆ. ಪೆಡಲ್ ಕೆಳಗೆ ಹೋಯಿತು. ಹೋಗ್ತಾನೇ ಇತ್ತು. ಅಡಿಯಲ್ಲಿ ಏನೂ ಇಲ್ಲ ವೀಕ್ಷಕರೇ, ಒದ್ದೆ ಹತ್ತಿ ತುಳಿದ ಹಾಗೆ. ಕಾರು ನಿಲ್ತಾ ಇಲ್ಲ. ನನ್ನ ಬಾಯಿಂದ ಏನು ಬಂತೋ ನೆನಪಿಲ್ಲ. ಪಕ್ಕದಿಂದ ಅವರ ದನಿ, ಏರಿಳಿತವೇ ಇಲ್ಲದ ದನಿ: "ಪಂಪ್ ಮಾಡಿ ಸಾರ್. ಪಂಪ್. ಗೇರ್ ಇಳಿಸಿ. ತಿರುಗಿಸಬೇಡಿ, ನೇರ ಹೋಗಲಿ." ಪೆಡಲ್ ತುಳಿತುಳಿದೆ, ನಾಲ್ಕು, ಮೂರು, ಎಂಜಿನ್ ಕಿರುಚಿತು, ಡಾಂಬರು ಮುಗೀತು, ಹುಲ್ಲು, ಆಮೇಲೆ ಮರಳು, ಮುಂದಿನ ಗಾಜಿನ ತುಂಬ ಧೂಳು. ಕಾರು ನಿಂತಿತು. ಅರ್ಧ ಚಕ್ರ ಮರಳಿನಲ್ಲಿ. ಎಡಗಡೆ ಯಾರೋ ಹಳದಿ ಬಾವುಟ ಬೀಸ್ತಿದ್ದರು. ಅರ್ಧ ನಿಮಿಷದಲ್ಲಿ ಇಬ್ಬರು ಓಡಿ ಬಂದರು. ಯಾರಿಗೂ ಏನೂ ಆಗಿರಲಿಲ್ಲ. ಕೋಚ್ ಬೆಲ್ಟ್ ಬಿಚ್ಚುತ್ತಾ ಕೇಳಿದರು, "ಬ್ರೇಕ್ ಆಯಿಲ್ ಲಾಸ್ಟ್ ಯಾವಾಗ ಬದಲಾಯಿಸಿದ್ದು ಸಾರ್?"

ನಾನು ಹುಡುಗನ ಕಡೆ ಕೈ ತೋರಿಸೋಣ ಅಂದುಕೊಂಡೆ. ಆಗಲಿಲ್ಲ. ಐದು ವರ್ಷದಲ್ಲಿ ಮೊದಲ ಮೂರು ವರ್ಷ ಕಾರು ನನ್ನ ಹತ್ತಿರವೇ ಇತ್ತು. ವಾರಂಟಿ ಮುಗಿದ ಮೇಲೆ ಪರಿಚಯದ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಒಂದು ಬದಲಾಯಿಸ್ತಿದ್ದೆ, ಕಾರು ತೊಳೆಸ್ತಿದ್ದೆ. ಬ್ರೇಕ್ ಆಯಿಲ್ ಅನ್ನೋದು ಬದಲಾಯಿಸೋ ವಸ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಅವನೂ ಬದಲಾಯಿಸಿಲ್ಲ. ಐದು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಹಾಕಿದ್ದೇ ಇತ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಇದು ರೇಸ್ ಮಾಡೋರಿಗೆ ಮಾತ್ರ ಅಲ್ಲ. ಚಾರ್ಮಾಡಿ, ಆಗುಂಬೆ ಘಾಟಿ ಇಳಿಯೋರಿಗೂ ಬೇಕಾದ ವಿಷಯ. ನಾವು ಬ್ರೇಕ್ ಆಯಿಲ್ ಅಂತೀವಿ, ಅದು ಎಣ್ಣೆ ಅಲ್ಲ. ನಮ್ಮ ಕಾಲಿನ ಒತ್ತಡವನ್ನ ಚಕ್ರದ ತನಕ ಒಯ್ಯುವ ದ್ರವ. ದ್ರವ ಕುಗ್ಗಲ್ಲ, ಅದಕ್ಕೇ ಬ್ರೇಕ್ ಹಿಡಿಯೋದು. ಆದರೆ ಇದು ಗಾಳಿಯ ತೇವವನ್ನ ಹೀರಿಕೊಳ್ಳುತ್ತೆ. ಡಾಟ್ 4 ಅನ್ನೋ ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತಾರೆ. ಕುದಿದರೆ ಗುಳ್ಳೆ. ಗುಳ್ಳೆ ಕುಗ್ಗುತ್ತೆ. ಪೆಡಲ್ ತುಳಿದರೆ ಗುಳ್ಳೆ ಕುಗ್ಗುತ್ತೆ, ಬ್ರೇಕ್ ಹಿಡಿಯಲ್ಲ.

ಬಿಸಿ ಎಲ್ಲಿಂದ ಬರುತ್ತೆ? ಆ ಕಾರು, ಒಳಗೆ ನಾವಿಬ್ಬರು, ಸೇರಿ ಸುಮಾರು 1,200 ಕಿಲೋ. 150ರಿಂದ 60ಕ್ಕೆ ಇಳಿಸಿದಾಗ ಹೊರಬರುವ ಶಕ್ತಿಯನ್ನ ನೀರಿಗೆ ಕೊಟ್ಟರೆ, ಮೂರು ಲೀಟರಿಗೆ ಸ್ವಲ್ಪ ಕಡಿಮೆ ತಣ್ಣೀರು ಕುದಿಯೋ ಮಟ್ಟಕ್ಕೆ ಬರುತ್ತೆ. ಮನೆಯ ಗ್ಯಾಸ್ ಮೇಲೆ ಮೂರು ಲೀಟರ್ ಕುದಿಯೋಕೆ ಎಷ್ಟು ಹೊತ್ತು ಬೇಕು, ಗೃಹಿಣಿಯರಿಗೆ ಗೊತ್ತು. ಇಲ್ಲಿ ನಾಲ್ಕೈದು ಸೆಕೆಂಡ್. ಅದೆಲ್ಲ ಹೋಗೋದು ಬಹುಪಾಲು ಮುಂದಿನ ಎರಡು ಚಕ್ರದ ಡಿಸ್ಕಿಗೆ. ಒಂದು ಸಲ ಅಲ್ಲ, ಸುತ್ತು ಸುತ್ತಿಗೂ, ತಿರುವು ತಿರುವಿಗೂ. ವೇಗ ಎರಡು ಪಟ್ಟಾದರೆ ಈ ಬಿಸಿ ನಾಲ್ಕು ಪಟ್ಟು.

ಹುಡುಗರು ದುಡ್ಡು ಸುರಿದಿದ್ದು ಯಾವುದಕ್ಕೆ? ಓಡೋದಕ್ಕೆ. ನಿಲ್ಲೋದಕ್ಕೆ ಒಂದು ರೂಪಾಯಿ ಇಲ್ಲ. ಮಾಡಿಫೈ ಮಾಡಿಕೊಟ್ಟವರು ಕೂಡ ಬ್ರೇಕ್ ಹೇಗಿದೆ ಅಂತ ನೋಡಿಲ್ಲ. ಬ್ರೇಕ್‌ಗೆ ಶಬ್ದ ಇಲ್ಲ, ತೋರಿಸಿಕೊಳ್ಳೋಕೆ ಆಗಲ್ಲ. ಹೊಸ ದ್ರವ, ಒಳ್ಳೆಯ ಪ್ಯಾಡು, ಆ ಅಲಾಯ್ ವೀಲಿನ ಬೆಲೆಯ ಒಂದು ಚೂರಿನಲ್ಲಿ ಮುಗಿಯುತ್ತಿತ್ತು.

ಟ್ರ್ಯಾಕ್ಟರ್ ಕಾರನ್ನ ಎಳೆದು ತಂದಿತು. ಪಿಟ್ ಪಕ್ಕದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯೋಕೆ ಹೋದೆ, ಬೇಡ ಅಂತ ತಡೆದರು. ಕಾದ ಬ್ರೇಕಿನ ಮೇಲೆ ಎಳೀಬಾರದಂತೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟೆವು. ಹುಡುಗ ಅಲ್ಲೇ ನೆಲದ ಮೇಲೆ ಕೂತಿದ್ದ. ನಾನು ಪಕ್ಕ ಕೂತೆ. ನನಗೆ ಕೈ ಇನ್ನೂ ನಡುಗ್ತಿತ್ತು. ತಮಾಷೆಗೆ, "ನಿನ್ ಕಾರು ನನ್ನ ಕೊಲ್ತಿತ್ತಲ್ಲೋ" ಅಂದೆ. ಅವನು ನಗಲಿಲ್ಲ.

"ಮಾಮ, ಒಂದು ಹೇಳ್ಬೇಕು."

"ಹೇಳು."

"ಆವತ್ತು ನೋಟಿಸ್ ಬಂತಲ್ಲ, ಅದಕ್ಕೆ ಮುಂಚೆ ಒಂದ್ಸಲ. ಏರ್‌ಪೋರ್ಟ್ ಕಡೆಯಿಂದ ಬರ್ತಾ ಇದ್ವಿ, ಮೂರು ಕಾರು. ಹೆಬ್ಬಾಳದ ಹತ್ರ ಪೆಡಲ್ ಹಿಂಗೇ ಹೋಯ್ತು. ಮುಂದೆ ಒಂದು ಆಟೋ ಇತ್ತು. ಎಡಕ್ಕೆ ಎಳ್ಕೊಂಡೆ, ಹೆಂಗೋ ಆಯ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಬ್ರೇಕು ಸರಿಯಾಗೇ ಇತ್ತು. ನಂದೇ ತಪ್ಪಿರ್ಬೇಕು, ಸರಿಯಾಗಿ ತುಳಿದಿಲ್ಲ ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ."

ಗುಳ್ಳೆ ಅಂದರೆ ಹಾಗೇ. ತಣ್ಣಗಾದರೆ ಏನೂ ಆಗಿಲ್ಲ ಅನ್ನೋ ಹಾಗೆ ಪೆಡಲ್ ಮೇಲೆ ಬರುತ್ತೆ.

ಆ ಆಟೋದಲ್ಲಿ ಯಾರಿದ್ದರು? ಅವನಿಗೂ ಗೊತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಹೋಗ್ತಿದ್ದವರೋ, ಆಸ್ಪತ್ರೆಗೆ ಹೋಗ್ತಿದ್ದವರೋ. ಅಲ್ಲಿ ಮರಳು ಇರಲಿಲ್ಲ. ಹಳದಿ ಬಾವುಟ ಇರಲಿಲ್ಲ. ಪಕ್ಕದಲ್ಲಿ ಕೂತು ಪಂಪ್ ಮಾಡಿ ಅನ್ನೋರು ಇರಲಿಲ್ಲ. ಆರ್‌ಸಿ ಮಾತ್ರ ನನ್ನ ಹೆಸರಲ್ಲೇ ಇತ್ತು. ಮಾರನೇ ಬೆಳಗ್ಗೆ ನಾನು ಓದಬೇಕಾಗಿದ್ದ ಸುದ್ದಿ ಏನಾಗಿರ್ತಿತ್ತು ಅಂತ ಯೋಚನೆ ಮಾಡಿ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಅದರಲ್ಲಿ ನೂರಕ್ಕೆ ಎಪ್ಪತ್ತೊಂದು ಸಾವು ಅತಿವೇಗದ ಖಾತೆಯಲ್ಲಿ. ಈ ಅಂಕಿಯನ್ನ ನಾನು ಎಷ್ಟು ಸಲ ಇಲ್ಲಿ ಕೂತು ಓದಿದ್ದೀನೋ. ಓದಿ, ಬ್ರೇಕ್ ತಗೊಂಡು, ಕಾಫಿ ಕುಡಿದಿದ್ದೀನಿ.

ಈಗ ನೀವು ಕೇಳಬಹುದು, ಏನ್ ಸ್ವಾಮಿ, ನಿಮ್ಮನೆ ಹುಡುಗ ಸಿಕ್ಕಿಬಿದ್ದ ಕೂಡಲೇ ಮಾತು ಬದಲಾಯಿತಾ? ಕೇಳಿ, ಕೇಳಲೇಬೇಕು. ರಸ್ತೆಯಲ್ಲಿ ರೇಸ್ ಮಾಡೋರಿಗೆ ಶಿಕ್ಷೆ ಆಗಬೇಕು ಅನ್ನೋದರಲ್ಲಿ ನನ್ನ ಮಾತು ಒಂದು ಅಕ್ಷರ ಬದಲಾಗಿಲ್ಲ. ಸೆಕ್ಷನ್ 189 ಇದೆ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ ವರ್ಷದವರೆಗೆ. ನನ್ನ ಕೇಳಿದರೆ ಅದು ಕಡಿಮೆ ಆಯಿತು. ಬದಲಾಗಿದ್ದು ಬೇರೆ. "ಎಲ್ಲಿ ಓಡಿಸ್ಲಿ" ಅನ್ನೋ ಪ್ರಶ್ನೆಯನ್ನ ನಾನು ಅಹಂಕಾರ ಅಂದುಕೊಂಡಿದ್ದೆ, ಅದು ಪ್ರಶ್ನೆಯೇ ಆಗಿತ್ತು.

ಬೆಂಗಳೂರಿಗೆ ಮೋಟಾರು ಹುಚ್ಚು ಹೊಸದಲ್ಲ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ನಮ್ಮೂರಿನವರು. 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ ನಮ್ಮೂರಿನವರು. ಯುರೋಪಿನಲ್ಲಿ ರೇಸ್ ಮಾಡೋ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದಿರು ನಮ್ಮೂರಿನವರು. ಕಾರ್ಟಿಂಗ್ ಮಾಡೋಕೆ ಇಲ್ಲಿ ಜಾಗ ಇದೆ. ಆದರೆ ಒಂದು ಪೂರ್ಣ ಪ್ರಮಾಣದ, ಅಂತಾರಾಷ್ಟ್ರೀಯ ಮಾನ್ಯತೆಯ ಕಾರ್ ರೇಸ್ ಸರ್ಕ್ಯೂಟ್ ಇಡೀ ಕರ್ನಾಟಕದಲ್ಲಿ ಇಲ್ಲ. ತಮಿಳುನಾಡಿನಲ್ಲಿ ಇದೆ ಅಂದೆನಲ್ಲ, ಅದಕ್ಕೇ ನೆನಪಿಟ್ಟುಕೊಳ್ಳಿ ಅಂದಿದ್ದು. ರೈತನಿಗೆ ನೀರಿಲ್ಲ, ಇವನಿಗೆ ರೇಸ್ ಟ್ರ್ಯಾಕ್ ಬೇಕಂತೆ ಅಂತ ಬೈಬೇಡಿ. ಸರ್ಕಾರದ ದುಡ್ಡು ಕೇಳ್ತಿಲ್ಲ ನಾನು. ನೊಯ್ಡಾ ಹತ್ತಿರ ದೊಡ್ಡ ದುಡ್ಡು ಸುರಿದು ಬುದ್ಧ ಸರ್ಕ್ಯೂಟ್ ಕಟ್ಟಿದರು, 2011ರಿಂದ 13ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ನಡೀತು, ಮುಗೀತು. ಅಂಥ ವೈಭವ ಬೇಡ. ಕ್ಲಬ್ಬಿನವರು, ಸಂಘದವರು ಮುಂದೆ ಬಂದರೆ ಅನುಮತಿಗೆ ಹತ್ತು ಟೇಬಲ್ ಅಲೆಸಬೇಡಿ, ಅಷ್ಟೇ.

ಇನ್ನು ಮಾಡಿಫೈ ಮಾತು. ಜರ್ಮನಿಯಲ್ಲಿ ಕಾರಿನ ಸ್ಪ್ರಿಂಗೋ ಚಕ್ರವೋ ಬದಲಾಯಿಸಿದರೆ ಅಧಿಕೃತ ತಪಾಸಣೆಗೆ ಒಯ್ದು ತೋರಿಸಬಹುದು. ಸುರಕ್ಷಿತ ಅಂತಾದರೆ ಕಾರಿನ ದಾಖಲೆಯಲ್ಲಿ ಬರೆದುಕೊಡ್ತಾರೆ. ಇಲ್ಲ ಅಂದರೆ ಕಿತ್ತು ಹಾಕಿ ಅಂತಾರೆ. ನಮ್ಮಲ್ಲಿ ಸಿಎನ್‌ಜಿ ಕಿಟ್‌ಗೆ ಇಂಥ ದಾರಿ ಇದೆ, ಅಂಗವಿಕಲರ ವಾಹನಕ್ಕೆ ಇದೆ. ಮಿಕ್ಕಿದ್ದಕ್ಕೆ? ಒಳ್ಳೆಯ ಬ್ರೇಕ್ ಹಾಕಿಸಿಕೊಳ್ಳೋ ಹುಡುಗನೂ, ಕಿವಿ ಒಡೆಯೋ ಸೈಲೆನ್ಸರ್ ಹಾಕಿಸೋ ಹುಡುಗನೂ ಕಾಯ್ದೆಯ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಆಗ ಏನಾಗುತ್ತೆ? ಎಲ್ಲವೂ ಗಲ್ಲಿಯ ಶೆಡ್ಡಿನಲ್ಲಿ ಕದ್ದು ನಡೆಯುತ್ತೆ, ತಿಳಿದವರು ಯಾರೂ ನೋಡಲ್ಲ. ತಪಾಸಣೆ ಇದ್ದಿದ್ದರೆ ನಮ್ಮ ಕಾರಿನ ಬ್ರೇಕ್ ಆಯಿಲ್‌ನ ಯಾರಾದರೂ ಒಬ್ಬ ಮುಟ್ಟಿ ನೋಡಿರ್ತಿದ್ದ. ಸಾರಿಗೆ ಇಲಾಖೆಯವರು ಇದನ್ನ ನೋಡ್ತಿದ್ದರೆ, ದಯವಿಟ್ಟು ಯೋಚನೆ ಮಾಡಿ. ನನ್ನನ್ನ ಕರೆದರೆ ಬರ್ತೀನಿ, ನೋಟಿಸ್ ಬೇಡ, ಫೋನ್ ಸಾಕು.

ಅವತ್ತು ಮಧ್ಯಾಹ್ನ ಪಕ್ಕದ ಕಾರಿನ ಹುಡುಗರು, ಕೊಯಮತ್ತೂರಿನವರು, ಗುರುತು ಪರಿಚಯ ಇಲ್ಲ, ತಮ್ಮ ಹತ್ತಿರ ಇದ್ದ ಹೊಸ ಬ್ರೇಕ್ ಆಯಿಲ್ ಡಬ್ಬ ಕೊಟ್ಟರು. ನಾನು ಒಳಗೆ ಕೂತು ಪೆಡಲ್ ಒತ್ತೋದು, ನಮ್ಮ ಹುಡುಗ ಚಕ್ರದ ಹತ್ತಿರ ಸ್ಪ್ಯಾನರ್ ಹಿಡಿದು ಗುಳ್ಳೆ ತೆಗೆಯೋದು. "ಒತ್ತು... ಹಿಡ್ಕೋ... ಬಿಡು." ನಾಲ್ಕು ಚಕ್ರಕ್ಕೂ ಒಂದು ಗಂಟೆ ಹಿಡಿಯಿತು. ಹೊರಗೆ ಬಂದ ದ್ರವ ಕಾಫಿ ಕಷಾಯದ ಬಣ್ಣಕ್ಕಿತ್ತು. ಸಂಜೆಯ ಕೊನೆಯ ಪಾಳಿಯಲ್ಲಿ ಕೋಚ್ ಅವನ ಪಕ್ಕ ಕೂತರು. ಮೂರು ಸುತ್ತು ಓಡಿಸಿ, ಒಂದು ಸುತ್ತು ಬ್ರೇಕ್ ಆರಿಸೋಕೆ ಮೆಲ್ಲಗೆ, ಹೀಗೆ. ಇಳಿದು ಬಂದಾಗ ಕೋಚ್ ನನಗೆ ಹೇಳಿದರು, ನಿಮಗಿಂತ ಚೆನ್ನಾಗಿ ಓಡಿಸ್ತಾನೆ, ನಿಮಗಿಂತ ಜಾಸ್ತಿ ಹೆದರಿದ್ದಾನೆ, ಎರಡೂ ಒಳ್ಳೆಯದು ಅಂತ.

ವಾಪಸ್ ಬಂದ ಮೇಲೆ ಸ್ಪ್ರಿಂಗು, ಟಯರು, ಫಿಲ್ಟರು ಹಳೆಯವನ್ನೇ ಹಾಕಿಸಿದ್ದೀವಿ. ರೀಮ್ಯಾಪ್ ತೆಗೆಸಿದ್ದೀವಿ. ಅವನು ಒಂದು ಹಳೆಯ, ನೋಂದಣಿ ರದ್ದಾದ ಕಾರನ್ನ ಗೆಳೆಯರ ಜೊತೆ ಸೇರಿ ತಗೊಂಡು ಬರೀ ಟ್ರ್ಯಾಕ್‌ಗೆ ಅಂತ ಸಿದ್ಧ ಮಾಡ್ತೀನಿ ಅಂತಿದ್ದಾನೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಈ ಕಾರ್ಯಕ್ರಮ ನೋಡ್ತಿದ್ದಾಳೆ, ಈಗ ಗೊತ್ತಾಯಿತು. ಅಕ್ಕ, ನಾಳೆ ಬೆಳಗ್ಗೆ ಫೋನ್ ಮಾಡ್ತೀನಿ, ಇವತ್ತು ಬೇಡ.

ಆರ್‌ಸಿ ವರ್ಗಾವಣೆಯ ಫಾರಂ 29, 30 ತುಂಬಿ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾನೆ. ಇನ್ನೂ ಸಹಿ ಹಾಕಿಲ್ಲ. ಹಾಕ್ತೀನಿ. ಸ್ವಲ್ಪ ದಿನ ಇರಲಿ ಅನ್ನಿಸ್ತಿದೆ.